ತಿಂದರೂ ಲೆಕ್ಕ, ತೇಗಿದರೂ ಲೆಕ್ಕ!

(ಮಾರ್ಕೋನಹಳ್ಳಿಯ ಗೌರಿ ಹಸುವಿನ ಜೊತೆ ಒಂದು ಕಾಲ್ಪನಿಕ ಸಂದರ್ಶನ)

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಹೋಗುವವರು ಸಾಮಾನ್ಯವಾಗಿ ಕಟ್ಟೆ ನೋಡಲು ಹೋಗುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರು ಶಿಂಷಾ ನದಿಗೆ ಕಟ್ಟಿಸಿದ ಜಲಾಶಯ ಅದು. ನೀರು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತುವುದು ಬೇಡ, ಸೈಫನ್ನಿನಲ್ಲಿ ತಾನಾಗಿ ಹೊರಗೆ ನುಗ್ಗುತ್ತದೆ. ನಾನು ಹೋದದ್ದು ಮಾತ್ರ ಕಟ್ಟೆಯ ಕೆಳಗಿನ ಒಂದು ಕೊಟ್ಟಿಗೆಗೆ. ಜಗತ್ತಿನ ವಿಜ್ಞಾನಿಗಳೆಲ್ಲ ಹಸುವಿನ ವಂಶವಾಹಿ, ಅದರ ಜೀರ್ಣಶಕ್ತಿ, ತಿಂದ ಮೇವಿಗೆ ಅದು ಕೊಡುವ ಹಾಲು ಇವುಗಳ ಹಿಂದೆ ಬಿದ್ದಿರುವಾಗ, ಸಂಬಂಧಪಟ್ಟವರನ್ನೇ ಒಂದು ಮಾತು ಕೇಳಿದರೆ ತಪ್ಪೇನು?

ಗೌರಿಗೆ ಒಂಬತ್ತು ವರ್ಷ, ಐದನೇ ಸೂಲು. ಅಜ್ಜಿ ಅಪ್ಪಟ ಹಳ್ಳಿಕಾರ್, ಅಪ್ಪನ ಕಡೆಯವರು ಎಚ್‌ಎಫ್. ನಾನು ಹೋದಾಗ ಮೆಲುಕು ಹಾಕುತ್ತಾ ಮಲಗಿದ್ದಳು.

ಪ್ರಶ್ನೆ: ನಮಸ್ಕಾರ ಗೌರಮ್ಮ. ಒಂದೈದು ನಿಮಿಷ ಬಿಡುವಿದೆಯಾ?

ಗೌರಿ: ಸಗಣಿ ನೋಡ್ಕೊಂಡು ಕೂತ್ಕೊಳಪ್ಪ. ಬಿಡುವೆಲ್ಲಿ ಬಂತು? ಮೆಲುಕು ಹಾಕೋದೇ ದಿನಕ್ಕೆ ಏಳೆಂಟು ಗಂಟೆ. ರಾಗಿ ಕಾಳು ನಿಮಗೆ, ಹುಲ್ಲು ನಮಗೆ ಅಂತ ಪಾಲು ಮಾಡ್ಕೊಂಡಿದ್ದೀರಿ. ನೀವೋ ಮುದ್ದೆ ಮುರಿದು ಅಗಿಯದೆ ನುಂಗ್ತೀರಿ. ಒಂದೇ ಪೈರಿನಲ್ಲಿ ಅಗಿಯೋ ಕೆಲಸ ಪೂರ್ತಿ ನಮ್ಮ ಪಾಲಿಗೆ.

ಪ್ರಶ್ನೆ: ಅದಕ್ಕೇ ನಿಮಗೆ ದೇವರು ನಾಲ್ಕು ಹೊಟ್ಟೆ ಕೊಟ್ಟಿದ್ದಾನಲ್ಲ?

ಗೌರಿ: ಇರೋದು ಒಂದೇ ಹೊಟ್ಟೆ, ನಾಲ್ಕು ಕೋಣೆ. ಮೊದಲನೇದು ರೂಮೆನ್, ನೂರು ಲೀಟರಿಗೂ ಮೇಲೆ ಹಿಡಿಸೋ ಕೊಪ್ಪರಿಗೆ. ಎರಡನೇದು ಜೇನುಗೂಡಿನ ಥರ. ಹುಲ್ಲಿನ ಜೊತೆ ಮೊಳೆ, ತಂತಿ ಹಾಕ್ತೀರಲ್ಲ, ಅದೆಲ್ಲ ಅಲ್ಲಿ ಬಂದು ಕೂರುತ್ತೆ. ಮೂರನೇದು ಪುಸ್ತಕದ ಹಾಳೆ ಜೋಡಿಸಿದ ಹಾಗೆ, ನೀರು ಹಿಂಡುತ್ತೆ. ನಾಲ್ಕನೇದು ಮಾತ್ರ ನಿನ್ನ ಹೊಟ್ಟೆ ಇದ್ದಂಗೆ. ಒಂದು ಗುಟ್ಟು ಹೇಳ್ಲಾ? ಹುಲ್ಲಿನ ನಾರು ಕರಗಿಸೋ ಶಕ್ತಿ ನನಗೂ ಇಲ್ಲ. ಮೊದಲನೇ ಕೋಣೇಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳಿವೆ, ಅವು ಹುಳಿ ಬರಿಸಿ ಕೊಟ್ಟಿದ್ದನ್ನ ನಾನು ಹೀರ್ಕೋತೀನಿ. ಆಮೇಲೆ ಅವು ಮುಂದಿನ ಕೋಣೆಗಳಿಗೆ ಜಾರಿ ಬಂದಾಗ ಅವನ್ನೂ ಜೀರ್ಣ ಮಾಡ್ಕೋತೀನಿ.

ಪ್ರಶ್ನೆ: ದುಡಿಸಿಕೊಂಡು ಕೊನೆಗೆ ಆಳುಗಳನ್ನೇ ನುಂಗುವುದಾ!

ಗೌರಿ: ಬೆಂಗಳೂರಿಂದ ಬಂದಿದ್ದೀಯ, ನಿನಗೆ ಇದು ಹೊಸದಾ?

ಪ್ರಶ್ನೆ: ವಿಷಯಕ್ಕೆ ಬರೋಣ. ಭೂಮಿ ಬಿಸಿಯಾಗುತ್ತಿರುವುದಕ್ಕೆ ನೀವೂ ಕಾರಣ ಎಂಬ ಆರೋಪ ಇದೆ.

ಗೌರಿ: ಹುಳಿ ಬಂದ ಕಡೆ ಗಾಳಿ ಏಳದೆ ಇರುತ್ತಾ? ಅದರಲ್ಲಿ ಮೀಥೇನ್ ಇದೆ, ಒಪ್ಕೋತೀನಿ. ನೂರು ವರ್ಷದ ಲೆಕ್ಕ ಹಿಡಿದರೆ ಕಾರ್ಬನ್ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಅದು. ಜನ ನಮ್ಮ ಬಾಲದ ಕಡೆ ನೋಡಿ ನಗ್ತಾರೆ, ಆದ್ರೆ ಬಹುಪಾಲು ಹೋಗೋದು ಬಾಯಿಂದ, ತೇಗಿನಲ್ಲಿ. ನಮ್ಮೂರ ಕಟ್ಟೆಯ ಸೈಫನ್ ಇದ್ದಂಗೆ ಕಣಪ್ಪ. ತುಂಬಿದ ಮೇಲೆ ತಾನಾಗಿ ಹೋಗಬೇಕು. ಹೋಗದಿದ್ರೆ ಹೊಟ್ಟೆಯುಬ್ಬರ, ಆಮೇಲೆ ಡಾಕ್ಟರಿಗೆ ಫೋನು. ಇನ್ನೊಂದು ನಷ್ಟ ಯಾರೂ ಹೇಳಲ್ಲ. ತಿಂದ ಮೇವಿನ ಶಕ್ತಿಯಲ್ಲಿ ಶೇ. 2ರಿಂದ 12ರಷ್ಟು ಈ ಗಾಳಿ ಜೊತೆ ಹೋಗುತ್ತೆ. ಅದು ನಮ್ಮ ಯಜಮಾನ ದುಡ್ಡು ಕೊಟ್ಟು ತಂದ ಬೂಸಾ, ಹಿಂಡಿ!

ಪ್ರಶ್ನೆ: ತೇಗಿಗೆ ತೆರಿಗೆ ಹಾಕುವ ಮಾತೂ ಇದೆ.

ಗೌರಿ: ಕೇಳಿದ್ದೀನಿ. ನ್ಯೂಜಿಲೆಂಡಿನವರು 2022ರಲ್ಲಿ ಹಾಕ್ತೀವಿ ಅಂದ್ರು, 2024ರಲ್ಲಿ ಬೇಡ ಅಂದ್ರು. ಡೆನ್ಮಾರ್ಕಿನವರು 2030ರಿಂದ ವಸೂಲಿ ಮಾಡ್ತಾರಂತೆ. ಇದೇ ಡೆನ್ಮಾರ್ಕಿನವರು ಹಿಂದೆ ಹೆಸರಘಟ್ಟಕ್ಕೆ ಬಂದು, ಹೆಚ್ಚು ಹಾಲು ಕೊಡೋ ತಳಿ ಮಾಡ್ರಪ್ಪ ಅಂತ ನಮ್ಮವರಿಗೆ ಕಲಿಸಿ ಹೋಗಿದ್ರು. ಊಟಕ್ಕೆ ಕರೆದವರೇ ತೇಗಿದ್ದಕ್ಕೆ ಬಿಲ್ ಕೊಟ್ಟರು.

ಪ್ರಶ್ನೆ: ಈ ತೇಗನ್ನು ಅಳೆಯುವುದಾದರೂ ಹೇಗೆ?

ಗೌರಿ: ಗಾಳಿಯಾಡದ ಕೋಣೇಲಿ ಕೂಡಿ ಹಾಕಿ ಅಳೀತಾರೆ. ಮೂಗಿನ ಹತ್ರ ಕೊಳವೆ ಕಟ್ಟಿ, ಕೊರಳಿಗೆ ಡಬ್ಬಿ ನೇತುಹಾಕಿ ಅಳೀತಾರೆ. ಇನ್ನು ಕೆಲವು ಅಕ್ಕತಂಗಿಯರಿಗೆ ಪಕ್ಕೆಯಲ್ಲಿ ಮುಚ್ಚಳದ ಕಿಟಕಿ ಇಟ್ಟಿದ್ದಾರೆ; ಮುಚ್ಚಳ ತೆಗೆದು ಕೈ ಹಾಕಿದರೆ ಅರ್ಧ ಬೆಂದ ಹುಲ್ಲು ಕೈಗೇ ಬರುತ್ತೆ. ನಮ್ಮ ಹೊಟ್ಟೇಲಿ ಏನಿದೆ ಅಂತ ಬಗ್ಗಿ ನೋಡ್ತಾರೆ. ಗ್ವಾದ್ಲೀಲಿ ಏನಿದೆ ಅಂತ ನೋಡೋಕೆ ಕಿಟಕಿ ಬೇಕಾಗಿಲ್ಲ, ಅದಕ್ಕೇ ಯಾರೂ ನೋಡಲ್ಲ.

ಪ್ರಶ್ನೆ: ಹಾಗೆ ಹೇಳಬೇಡಿ. ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು 'ಹರಿತ್ ಧಾರಾ' ಎಂಬ ಪೂರಕ ಆಹಾರ ಮಾಡಿದ್ದಾರೆ.

ಗೌರಿ: ಆ ಸಂಸ್ಥೆಯ ಮೇಲೆ ನನಗೆ ಗೌರವ ಇದೆ. ಒಗರು ಇರೋ ಗಿಡಗಳಿಂದ ಮಾಡಿದ್ದು ಅದು, ಮೀಥೇನು ಶೇ. 17ರಿಂದ 20ರಷ್ಟು ಕಮ್ಮಿ ಆಗುತ್ತೆ ಅಂತ 2021ರಲ್ಲಿ ಹೇಳಿದ್ರು. ನಮ್ಮ ಅಜ್ಜಿ ಬೇಲಿ ಸೊಪ್ಪಿಗೆ ಬಾಯಿ ಹಾಕಿದಾಗೆಲ್ಲ ಬೆನ್ನ ಮೇಲೆ ದೊಣ್ಣೆ ಬೀಳ್ತಿತ್ತು. ಪಾಪ, ಭೂಮಿ ತಂಪು ಮಾಡ್ತಿದ್ಲು ಅಂತ ಯಾರಿಗೆ ಗೊತ್ತಿತ್ತು?

ಪ್ರಶ್ನೆ: ಈಗ 'ಮೇವಿನ ದಕ್ಷತೆ' ಎಂಬ ಹೊಸ ಲೆಕ್ಕ ಬಂದಿದೆ. ಹೇಗನ್ನಿಸುತ್ತದೆ?

ಗೌರಿ: ಹೊಸದೇನಲ್ಲ, 1963ರಲ್ಲೇ ಅಮೆರಿಕದವರು ಸೂತ್ರ ಬರೆದಿಟ್ಟರು. ಎರಡು ಹಸು, ಒಂದೇ ತೂಕ, ಕೊಡೋದೂ ಅಷ್ಟೇ. ಒಂದು ಲೆಕ್ಕಕ್ಕಿಂತ ಕಮ್ಮಿ ತಿಂದರೆ ಅದು ಜಾಣೆ, ಅದರ ಮಕ್ಕಳನ್ನ ಬೆಳೆಸಿ ಅಂತ. ನೀವು ಸೊಸೆ ಹುಡುಕೋ ಕ್ರಮವೂ ಇದೇ ಅಲ್ವಾ? ಕೆಲಸ ಜಾಸ್ತಿ ಮಾಡಬೇಕು, ಅನ್ನ ಕಮ್ಮಿ ಉಣ್ಣಬೇಕು, ಗೊಣಗಬಾರದು. ಕೆನಡಾದವರು 2023ರಿಂದ ತೇಗು ಕಮ್ಮಿ ಇರೋ ವಂಶಕ್ಕೂ ಅಂಕ ಕೊಡ್ತಿದ್ದಾರೆ. ಇನ್ಮೇಲೆ ಸಂಬಂಧ ನೋಡೋವಾಗ ಅದನ್ನೂ ಕೇಳ್ತಾರೆ.

ಪ್ರಶ್ನೆ: ಮನುಷ್ಯರ ದಕ್ಷತೆ ಬಗ್ಗೆ ನಿಮ್ಮ ಅಭಿಪ್ರಾಯ?

ಗೌರಿ: ನಾವು ತಿಂದಿದ್ದನ್ನ ಬಾಯಿಗೆ ವಾಪಸ್ ತಂದು ಅಗೀತೀವಿ. ನಿಮ್ಮಲ್ಲಿ ತಿಂದೋರು ಯಾರಾದ್ರೂ ವಾಪಸ್ ತಂದದ್ದು ಉಂಟಾ?

ಪ್ರಶ್ನೆ: (ವಿಷಯ ಬದಲಿಸುತ್ತಾ) ನಿಮ್ಮ ವಂಶದ ಬಗ್ಗೆ ಹೇಳಿ.

ಗೌರಿ: ಅಜ್ಜಿ ಕಡೆಯಿಂದ ದೊಡ್ಡ ಮನೆತನ. ಟಿಪ್ಪು ಸೈನ್ಯದ ಫಿರಂಗಿ ಎಳೆದ ಅಮೃತಮಹಲ್ ನಮ್ಮ ಹಳ್ಳಿಕಾರ್ ಬುಡದಿಂದಲೇ ಕವಲೊಡೆದದ್ದು. ಅದೇ ಸೈನ್ಯದ ಕುದುರೆಗಳಿಗೆ ಕುಣಿಗಲ್ ಫಾರಂ ಆಯ್ತು. ಕುದುರೆಯವರ ಮಕ್ಕಳು ರೇಸಿಗೆ ಹೋದರು, ನಮ್ಮವರು ನೇಗಿಲಿಗೆ ಹೋದರು. ಹುಲ್ಲು ತಿಂದು ದಿನವಿಡೀ ಉಳೋ ನಮ್ಮ ಮಾವಂದಿರಷ್ಟು ದಕ್ಷರು ಯಾರಿದ್ರು? ಟ್ರ್ಯಾಕ್ಟರ್ ಬಂತು, ದಕ್ಷತೆ ಒಂದೇ ದಿನಕ್ಕೆ ಸೊನ್ನೆ ಆಯ್ತು. 2000ದಲ್ಲಿ ಅಂಚೆ ಇಲಾಖೆಯವರು ಹಳ್ಳಿಕಾರ್ ಚಿತ್ರದ ಅಂಚೆಚೀಟಿ ತಂದರು. ಹೊಲದಿಂದ ಹೋದವನು ಲಕೋಟೆ ಮೇಲೆ ಬಂದ.

ಪ್ರಶ್ನೆ: ಅಪ್ಪನ ಕಡೆ?

ಗೌರಿ: ಅಪ್ಪನ ಮುಖ ನಾನು ನೋಡಿಲ್ಲ, ಅವ್ವನೂ ನೋಡಿಲ್ಲ. ಬಂದದ್ದು ಮೈನಸ್ 196 ಡಿಗ್ರಿ ಚಳೀಲಿ, ಕಡ್ಡಿಯಷ್ಟು ಸಣ್ಣ ಕೊಳವೇಲಿ. ನಾಚಿಕೆಯೇನಿಲ್ಲ, ಈ ಕೃತಕ ಗರ್ಭಧಾರಣೆ ಪದ್ಧತಿಗೂ ನಮ್ಮ ಸೀಮೆಯೇ ತವರು. ಭಾರತದಲ್ಲಿ ಮೊದಲ ಸಲ ಇದನ್ನ ಮಾಡಿದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರೀಲಿ, ಸಂಪತ್ ಕುಮಾರನ್ ಅನ್ನೋರು. ಆಗ ಗಬ್ಬ ಕಟ್ಟಿದ 33 ಹಸುಗಳೂ ಹಳ್ಳಿಕಾರೇ. ಅವರ ಕಾಲದಲ್ಲಿ ಹೋರಿ ನೋಡಿ ಆರಿಸ್ತಿದ್ರು. 2009ರಲ್ಲಿ ಅಮೆರಿಕದ ಡೊಮಿನೆಟ್ ಅನ್ನೋ ಹಸುವಿನ ಪೂರಾ ವಂಶವಾಹಿ ಓದಿ ಮುಗಿಸಿದರು, ಸುಮಾರು 22,000 ಜೀನು. ಈಗ ನಮ್ಮ ದೇಶದ ತಳಿಗಳಿಗೇ ಅಂತ 2024ರಲ್ಲಿ ವಂಶವಾಹಿ ಓದೋ 'ಗೌ ಚಿಪ್' ಬಂದಿದೆ. ಕರು ಹುಟ್ಟಿದ ಕೂಡಲೇ ಅದರ ಜಾತಕ ಬರೀಬಹುದು.

ಪ್ರಶ್ನೆ: ಒಳ್ಳೆಯದೇ ಆಯಿತಲ್ಲ?

ಗೌರಿ: ಜಾತಕ ಒಳ್ಳೇದೇ ಕಣಪ್ಪ, ಊಟ ಯಾರು ಹಾಕ್ತಾರೆ? ಹಸು ಹಸುವಿಗೆ ಹಾಲಿನಲ್ಲಿ ಇರೋ ವ್ಯತ್ಯಾಸದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ವಂಶದ್ದು ಅಂತ ನಿಮ್ಮ ವಿಜ್ಞಾನಿಗಳೇ ಬರೆದಿದ್ದಾರೆ. ಮಿಕ್ಕಿದ್ದು ಮೇವು, ನೀರು, ನೆರಳು, ಕಾಯಿಲೆ, ಸಾಕೋರ ಕೈಗುಣ. ಕಡ್ಡಿ ಹಾಕಿಸೋವಾಗ ಯಜಮಾನ 'ಇದರ ಮಕ್ಕಳು ಎಷ್ಟು ಲೀಟರ್ ಕೊಡ್ತವೆ?' ಅಂತ ಕೇಳ್ತಾನೆ. 'ಆ ಮಕ್ಕಳು ಏನು ತಿಂತವೆ?' ಅಂತ ಕೇಳಲ್ಲ. ಅಪ್ಪ ಇಂಗ್ಲಿಷ್ ಮೇಷ್ಟ್ರಾದ ಮಾತ್ರಕ್ಕೆ ಮಗ ಉಪವಾಸ ಇದ್ದುಕೊಂಡು ರ‍್ಯಾಂಕ್ ಬರ್ತಾನಾ?

ಪ್ರಶ್ನೆ: ಹಾಗಾದರೆ ನಿಮ್ಮ ಸಲಹೆ?

ಗೌರಿ: ಬರ್ಕೋ. ಒಂದು, ರಾಗಿ ಹುಲ್ಲನ್ನ ಬಣವೆಯಿಂದ ಹಿರಿದು ಉದ್ದುದ್ದ ಎಸೀಬೇಡಿ, ಅರ್ಧ ಕಾಲಡಿ ಹೋಗುತ್ತೆ, ಕತ್ತರಿಸಿ ಹಾಕಿ. ಎರಡು, ಹುಲ್ಲಿನಲ್ಲಿ ಸಾರ ಕಮ್ಮಿ. ನೂರು ಕೆಜಿ ಹುಲ್ಲಿಗೆ ನಾಲ್ಕು ಕೆಜಿ ಯೂರಿಯಾ, ತಿಳಿದವರನ್ನ ಕೇಳಿ ನೀರಲ್ಲಿ ಚೆನ್ನಾಗಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಅದೇ ಹುಲ್ಲು ಮೆತ್ತಗಾಗುತ್ತೆ, ಸಾರ ಹೆಚ್ಚುತ್ತೆ. ಯೂರಿಯಾನ ಹಾಗೇ ಗ್ವಾದ್ಲಿಗೆ ಸುರಿದೀರಿ ಮತ್ತೆ, ಆಮೇಲೆ ಸಂದರ್ಶನ ಕೊಡೋಕೆ ನಾನಿರಲ್ಲ! ಮೂರು, ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿಯಂತೆ ಹಿಂಡಿ-ಬೂಸಾ, ಅದರ ಮೇಲೆ ಮೈ ಕಾಪಾಡ್ಕೊಳ್ಳೋಕೆ ಒಂದು ಕೆಜಿ, ಜೊತೆಗೆ ಒಂದು ಹಿಡಿ ಖನಿಜ ಮಿಶ್ರಣ. ನಾಲ್ಕು, ಬಾಯಾರಿದಾಗ ನೀರು. ಕಟ್ಟೆ ಕೆಳಗಿದ್ದೂ ಎರಡು ಹೊತ್ತು ಎರಡು ಬಕೆಟ್ ಅಂದ್ರೆ ಹಾಲು ಎಲ್ಲಿಂದ ಬರಬೇಕು? ಬರೀ ಹುಲ್ಲು ಮೇಯ್ದು ಕಮ್ಮಿ ಕರೆಯೋ ಹಸುವೇ ಲೀಟರ್ ಹಾಲಿಗೆ ಹೆಚ್ಚು ತೇಗೋದು. ಒಳ್ಳೆ ಮೇವು ಹಾಕಿದರೆ ಭೂಮಿಗೂ ತಂಪು, ಜೇಬಿಗೂ ತಂಪು.

ಪ್ರಶ್ನೆ: ಇದೆಲ್ಲ ಹಳೆಯ ಮಾತಲ್ಲವೇ?

ಗೌರಿ: ಹಳೇದೇ. ಅದಕ್ಕೇ ಯಾರೂ ಉದ್ಘಾಟನೆಗೆ ಬರಲ್ಲ. ಚಿಪ್ ಬೇಡ ಅಂತ ನಾನು ಹೇಳಲ್ಲ. ಚಿಪ್ಪು, ಮೇವಿನ ಚೀಲ ಎರಡೂ ಬೇಕು. ಬಿತ್ತನೆ ಒಳ್ಳೇದು ತಂದು ಬಂಡೆ ಮೇಲೆ ಚೆಲ್ಲಬೇಡಿ.

ಪ್ರಶ್ನೆ: ಕೊನೆಯದಾಗಿ ನಮ್ಮ ಓದುಗರಿಗೆ?

ಗೌರಿ: 1927ರಲ್ಲಿ ಗಾಂಧೀಜಿ ಬೆಂಗಳೂರಿಗೆ ಬಂದವರು, ಅಲ್ಲಿನ ಸರ್ಕಾರಿ ಡೇರಿ ಸಂಸ್ಥೆಗೆ ಹೋಗಿ ಹಸು ಸಾಕೋದು ಹೇಗೆ ಅಂತ ಕಲಿತ್ಕೊಂಡು ಹೋದರು. ಅಷ್ಟು ದೊಡ್ಡೋರು ಕಲಿಯೋಕೆ ಬಂದಿದ್ರು. ನೀವೆಲ್ಲ ನಮಗೆ ಕಲಿಸೋಕೆ ಬರ್ತೀರಿ, ಅಷ್ಟೇ ವ್ಯತ್ಯಾಸ. ಏಳಪ್ಪ, ಕರೆಯೋ ಹೊತ್ತಾಯ್ತು.

ಅಷ್ಟರಲ್ಲಿ ಯಜಮಾನ ಬಂದ. ಹಾಲು ಕರೆದು, ಕ್ಯಾನಿಗೆ ಸುರಿದು, ಡೇರಿ ಪುಸ್ತಕ ಜೇಬಿಗೆ ಇಟ್ಟುಕೊಂಡ. ನಾನು ಆ ಪುಸ್ತಕ ಇಸಿದುಕೊಂಡು ತಿರುವಿ ನೋಡಿದೆ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ದುಡ್ಡು ಎಷ್ಟು ಎಲ್ಲವೂ ಅಚ್ಚುಕಟ್ಟು. "ಇದಕ್ಕೆ ದಿನಕ್ಕೆ ಎಷ್ಟು ಹುಲ್ಲು ಹಾಕ್ತೀರಿ?" ಎಂದು ಕೇಳಿದೆ. ಆತ ಎರಡೂ ಕೈ ಅಗಲಿಸಿ, "ಇಷ್ಟು" ಎಂದ.