ಪ್ರಾಜೆಕ್ಟ್ ಅಪ್ಪ

ಶುಕ್ರವಾರ ರಾತ್ರಿ ಒಂಬತ್ತಕ್ಕೆ ಶಾಲೆಯ ವಾಟ್ಸ್‌ಆಪ್ ಗ್ರೂಪಿನಲ್ಲಿ ಮೆಸೇಜ್ ಬೀಳುತ್ತದೆ: ಎಂಟನೇ ಕ್ಲಾಸಿನವರು ಸೋಮವಾರ ಭೌತಶಾಸ್ತ್ರದ ಒಂದು ಸರಳ ಪ್ರಯೋಗ ಮಾಡಿ ತರಬೇಕು. ಮಗಳು ಅದನ್ನು ಓದಿ ಮುಗಿಸುವಷ್ಟರಲ್ಲಿ ಅಪ್ಪ ಪಂಚೆ ಎತ್ತಿ ಕಟ್ಟಿ ತಯಾರು.

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈತ ಸಿಗುತ್ತಾನೆ. ಓದಿದ್ದು ಬಿ.ಇ., ಕೆಲಸ ಸಾಫ್ಟ್‌ವೇರು, ವರ್ನಿಯರ್ ಕ್ಯಾಲಿಪರ್ಸ್ ಕೊನೆಗೆ ಮುಟ್ಟಿದ್ದು ಕಾಲೇಜು ಲ್ಯಾಬಿನಲ್ಲಿ. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರ ಭಾಷಣ ಕೇಳಿದ್ದೇನೆ ಎಂದು ಹೇಳಿಕೊಳ್ಳುತ್ತಾನೆ. ಕೇಳಿರಲೂಬಹುದು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಆ ಭೌತಶಾಸ್ತ್ರದ ಮೇಷ್ಟ್ರು ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎನ್ನುತ್ತಿದ್ದರು. ಈತ ಅದನ್ನು ಶಿರಸಾವಹಿಸಿ ಪಾಲಿಸುತ್ತಾನೆ, ಮಗಳು ಪ್ರಶ್ನೆ ಕೇಳುವವರೆಗೆ.

ಶನಿವಾರ ಎಸ್.ಪಿ. ರೋಡ್ ಯಾತ್ರೆ. ಮೋಟರು, ಎಲ್‌ಇಡಿ, ಗ್ಲೂ ಗನ್ನು, ದಾರಿಯಲ್ಲಿ ಬಾಗಿಲಷ್ಟು ದೊಡ್ಡ ಥರ್ಮೋಕೋಲು. ಸಿರಿಂಜುಗಳಿಂದ ಎದ್ದೇಳುವ ಜೆಸಿಬಿಯೋ, ಹೊಗೆಯುಗುಳುವ ಜ್ವಾಲಾಮುಖಿಯೋ ಎಂಬ ಚರ್ಚೆ ಅವನೊಳಗೇ ನಡೆದು ಮುಗಿದಿರುತ್ತದೆ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿಯುವುದು ಕೆಮಿಸ್ಟ್ರಿ ಎಂದು ಮಗಳು ಹೇಳಿದ್ದರಿಂದ ಜೆಸಿಬಿ ಗೆದ್ದಿದೆ.

"ಅಪ್ಪ, ಇದ್ರಲ್ಲಿ ನಾವು ಕಂಡುಹಿಡಿಯೋದು ಏನು?"

"ಕಂಡುಹಿಡಿಯೋದಾ? ಲೈಟ್ ಹತ್ತುತ್ತೆ ಕಣೇ!"

ಪ್ರಾಜೆಕ್ಟ್ ಅಪ್ಪನ ಜಾತಕವೆಲ್ಲ ಈ ಉತ್ತರದಲ್ಲಿದೆ. ಹೊಳೆಯುವ, ತಿರುಗುವ, ನೋಡಿದವರು ವಾಹ್ ಎನ್ನುವ ವಸ್ತು ಅವನಿಗೆ ಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬೇಡ.

ಮಗಳಿಗೆ ಬೇಕಿದ್ದದ್ದು ಅದೇ. ಗೇಟಿನ ಬೀಗಕ್ಕೆ ದಾರ ಕಟ್ಟಿ ಬಾಗಿಲ ಚಿಲಕಕ್ಕೆ ನೇತುಹಾಕಿದಳು. ಭಾರದ ಬೀಗ ಬೇಗ ತೂಗುತ್ತದೆಯೋ, ಹಗುರದ್ದೋ? "ಭಾರದ್ದೇ, ಅದರಲ್ಲೇನು ಡೌಟು" ಎಂದ ಅಪ್ಪ. ಅದೇ ಉದ್ದಕ್ಕೆ ಸೂಟ್‌ಕೇಸಿನ ಪುಟ್ಟ ಬೀಗ ಕಟ್ಟಿ ನೋಡಿದರೆ ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ. ಅಪ್ಪ ಮೊಬೈಲಿನ ಸ್ಟಾಪ್‌ವಾಚನ್ನು ಶಂಕಿಸಿದ.

ಪೀಸಾದ ಚರ್ಚಿನಲ್ಲಿ ತೂಗುದೀಪ ಓಲಾಡುವುದನ್ನು ಕಂಡು ಗೆಲಿಲಿಯೋ ತನ್ನ ನಾಡಿ ಹಿಡಿದು ಲೆಕ್ಕ ಹಾಕಿದ ಎಂಬ ಕಥೆಯುಂಟು. ಪಕ್ಕದಲ್ಲಿ ಇಂಥ ಅಪ್ಪ ಇರಲಿಲ್ಲವೆಂದು ಕಾಣುತ್ತದೆ.

ಇನ್ನು ಅದೇ ಬೀಗದಿಂದ ಗುರುತ್ವ ವೇಗೋತ್ಕರ್ಷದ ಅಳತೆ. ಒಂದು ಮೀಟರ್ ದಾರ, 20 ಆಂದೋಲನ. ಅಪ್ಪ ಬೀಗ ಬಿಡುತ್ತಲೇ "ಒಂದು" ಎಂದ. ಇಪ್ಪತ್ತು ಎನ್ನುವಷ್ಟರಲ್ಲಿ ಬೀಗ ತೂಗಿದ್ದು ಹತ್ತೊಂಬತ್ತೇ ಸಲ. 38.9 ಸೆಕೆಂಡು, ಉತ್ತರ 10.4. ಮಗಳು "ಸೊನ್ನೆ"ಯಿಂದ ಎಣಿಸಿದಳು. 41 ಸೆಕೆಂಡು, ಉತ್ತರ 9.39. ಪುಸ್ತಕದಲ್ಲಿರುವುದು 9.8.

"ನೋಡು, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ಗುರುತ್ವ ಕಮ್ಮಿ."

ಕಮ್ಮಿಯೇನೋ ನಿಜ. ಆದರೆ ಅಷ್ಟು ಎತ್ತರಕ್ಕೆ ಕಮ್ಮಿಯಾಗುವುದು ಸುಮಾರು 0.003, ಮೂರನೇ ದಶಾಂಶ ಸ್ಥಾನದಲ್ಲಿ. 0.4 ಇಳಿಯಬೇಕಾದರೆ ಬಡಾವಣೆಯನ್ನು ನೂರು ಕಿಲೋಮೀಟರಿಗೂ ಮೇಲೆ ಎತ್ತಬೇಕು. ಅಲ್ಲಿಗೆ ಇನ್ನೂ ಯಾವ ಬಿಲ್ಡರೂ ಸೈಟು ಮಾಡಿಲ್ಲ.

ಅಡುಗೆಮನೆಯಿಂದ ಬಂದ ಅಜ್ಜಿ ಕೇಳಿದ್ದು ಇಷ್ಟೇ: "ದಾರ ಅಳೆದ್ಯಲ್ಲ ಪುಟ್ಟಿ, ಬೀಗ ಯಾಕೆ ಬಿಟ್ಟೆ?" ಲೋಲಕದ ಉದ್ದ ಗಂಟಿನವರೆಗಲ್ಲ, ತೂಗುವ ವಸ್ತುವಿನ ನಡುವಿನವರೆಗೆ. ಅದು ಇನ್ನೂ ನಾಲ್ಕು ಸೆಂಟಿಮೀಟರ್ ಕೆಳಗಿತ್ತು. ಸೇರಿಸಿದ ಮೇಲೆ ಉತ್ತರ 9.77. ಬೆಂಗಳೂರಿನಲ್ಲಿ ಇರಬೇಕಾದದ್ದು ಸುಮಾರು 9.78. ಬೀಗ, ದಾರ, ಮೊಬೈಲು ಹಿಡಿದು ಇಷ್ಟು ಹತ್ತಿರ ಬಂದ ಹುಡುಗಿಗೆ ಮೈಸೂರುಪಾಕು ಕೊಡಿಸಬೇಕಿತ್ತು.

ಅಪ್ಪ ರಬ್ಬರ್ ತಂದುಕೊಟ್ಟ. "ಬುಕ್ಕಲ್ಲಿ 9.8 ಇದೆ, ಅದನ್ನೇ ಹಾಕು." ಉತ್ತರ ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ತುಂಬುವ ಈ ವಿದ್ಯೆಯನ್ನು ಅವನು ಪಿಯುಸಿ ಲ್ಯಾಬಿನಲ್ಲೇ ಕರಗತ ಮಾಡಿಕೊಂಡಿದ್ದ. ನಮ್ಮಲ್ಲಿ ಬಹುಪಾಲು ರೆಕಾರ್ಡ್ ಬುಕ್ಕುಗಳು ತುಂಬಿದ್ದೇ ಹಾಗೆ. ಓದುತ್ತಿರುವ ನೀವೂ ಅಷ್ಟೇನೂ ಅಮಾಯಕರಲ್ಲ ಬಿಡಿ.

"ರೀ, ಹೋಮ್‌ವರ್ಕ್ ಅವಳಿಗೆ ಕೊಟ್ಟಿರೋದು" ಎಂದು ಒಳಗಿನಿಂದ ಹೆಂಡತಿಯ ದನಿ ಬಂದಾಗ ಮಾತ್ರ ಅವನು ರಬ್ಬರ್ ಕೆಳಗಿಟ್ಟ. ಹಾಗಂತ ಸೋತನೆಂದು ತಿಳಿಯಬೇಡಿ. ರಾತ್ರಿ ಹನ್ನೆರಡಕ್ಕೆ ಒಬ್ಬನೇ ಕೂತು ಜೆಸಿಬಿ ಮುಗಿಸಿದ. ಲೈಟೂ ಹತ್ತಿತು.

ನಿಮ್ಮ ಮನೆಗೂ ಅಂಥ ಮೆಸೇಜ್ ಬಂದರೆ ದಾರ, ಬೀಗ ಎರಡನ್ನೂ ಮಗುವಿನ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯಿರಿ. ಬೀಗವನ್ನು ತುಂಬ ಅಗಲಕ್ಕೆ ಎಳೆದು ಬಿಡುವುದು ಬೇಡ. 60 ಡಿಗ್ರಿಗೆ ಎಳೆದರೆ ಪ್ರತಿ ಆಂದೋಲನಕ್ಕೆ ಶೇ. 7ರಷ್ಟು ಹೆಚ್ಚು ಸಮಯ ಹಿಡಿಯುತ್ತದೆ. ದಾರವನ್ನು ಕಾಲುಭಾಗಕ್ಕೆ ಇಳಿಸಿದರೆ ಸಮಯ ಎಷ್ಟಾಗುತ್ತದೆ ಎಂಬುದನ್ನು ಮಾತ್ರ ನೀವು ಮೊದಲೇ ಹೇಳಿಬಿಡಬೇಡಿ.