ಪ್ಯಾನೆಲ್ಲಿಗೆ ಶತಮಾನದ ಕಾಲುಭಾಗ, ಪೆಟ್ಟಿಗೆಗೆ ಐದು ವರುಷ: ಇನ್ವರ್ಟರ್ ಮಾರುವ ಮಹನೀಯರಿಗೆ ಬಹಿರಂಗ ಪತ್ರ

ಸಾಲೋಟಗಿ,
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಸೌರ ಇನ್ವರ್ಟರುಗಳನ್ನು ತಯಾರಿಸಿ, ಮಾರಿ, ಅವುಗಳ ಆಯುಷ್ಯವನ್ನು ಕಾಗದದ ಮೇಲೆ ನಿರ್ಣಯಿಸುವ ಮಹನೀಯರ ಸನ್ನಿಧಾನಕ್ಕೆ,

ಉಭಯ ಕುಶಲೋಪರಿ. ತರುವಾಯ ಬಿನ್ನಹವೇನೆಂದರೆ, ನಮ್ಮೂರಿನಲ್ಲಿ ಸೂರ್ಯನಾರಾಯಣನು ಕ್ಷೇಮವಾಗಿದ್ದಾನೆ; ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟಿಯೂ ಕಿಂಚಿತ್ತೂ ಬಳಲದೆ, ಲಿಂಬೆಯ ತೋಟಗಳ ಮೇಲೂ ಜೋಳ ಕೊಯ್ದ ಎರೆಹೊಲಗಳ ಮೇಲೂ ಭೇದವೆಣಿಸದೆ ಉರಿಯುತ್ತಿದ್ದಾನೆ. ಮಾಳಿಗೆಯ ಮೇಲೆ ತಾವು ಹಾಸಿಕೊಟ್ಟ ಪ್ಯಾನೆಲ್ಲುಗಳೂ ಕ್ಷೇಮ. ಪ್ಯಾನೆಲ್ಲಿಗೂ ಮನೆಗೂ ನಡುವೆ, ಪಡುವಣ ಗೋಡೆಗೆ ತಾವೇ ತೂಗುಹಾಕಿಹೋದ ಆ ಪೆಟ್ಟಿಗೆಯೊಂದು ಮಾತ್ರ ಕೆಂಪು ದೀಪವೊಂದನ್ನು ಮಿಟುಕಿಸುತ್ತ, ಲೌಕಿಕ ವ್ಯಾಪಾರಗಳಿಂದ ನಿವೃತ್ತವಾಗಿದೆ.

ಒಂದು ಹಳ್ಳಿಯ ಗ್ರಾಹಕನಿಗೆ ದೀಪದ ವಿಚಾರವಾಗಿ ತಮಗೆ ಪತ್ರ ಬರೆಯುವ ಅಧಿಕಾರವೆಲ್ಲಿಯದೆಂದು ತಾವು ಕೇಳಬಹುದು. ಆ ಅಧಿಕಾರ ನಮಗೆ ಕ್ರಿ. ಶ. 945ರಿಂದ ಬಂದುದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಈ ಊರಿನಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದನೆಂದೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದುವೆಂದೂ, ಅಧ್ಯಾಪಕನ ಜೀವಿತಕ್ಕೆ ನಿವರ್ತನವೆಂಬ ಅಂದಿನ ಅಳತೆಯಲ್ಲಿ 50 ನಿವರ್ತನ ಭೂಮಿಯನ್ನು ಬಿಟ್ಟಿದ್ದರೆಂದೂ ಇಲ್ಲಿಯ ಕಂಬದ ಶಾಸನ ಹೇಳುತ್ತದೆ. ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿ ಬಂದ ಸಂಗತಿಗಳೇ. ಆದರೆ ತಮ್ಮ ಉದ್ಯಮಕ್ಕೆ ಸಂಬಂಧಪಟ್ಟ ಒಂದು ಮಾತು ಅದೇ ಕಂಬದಲ್ಲಿದೆ. ದೀಪಗಳ ವೆಚ್ಚಕ್ಕೆಂದೇ ಪ್ರತ್ಯೇಕವಾಗಿ 12 ನಿವರ್ತನ ಭೂಮಿ ದತ್ತವಾಗಿತ್ತು. ಸಾಲದುದಕ್ಕೆ, ಊರಿನವರು ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಇಷ್ಟಿಷ್ಟು ಕಾಣಿಕೆಯನ್ನು ಶಾಲೆಗೆ ಸಲ್ಲಿಸತಕ್ಕದ್ದೆಂಬ ಏರ್ಪಾಡೂ ಇತ್ತು. ಹಣತೆಗೆ ಎಣ್ಣೆ ಪ್ರತಿದಿನವೂ ಬೇಕು, ಬತ್ತಿ ಮತ್ತೆ ಮತ್ತೆ ಬೇಕು ಎಂಬುದನ್ನು ಆ ಮಂತ್ರಿಯು ದೀಪ ಹಚ್ಚುವ ಮೊದಲೇ ಲೆಕ್ಕಹಾಕಿದ್ದನು. ‘ಒಮ್ಮೆ ಹಚ್ಚಿದರೆ 25 ವರ್ಷ ನಿಶ್ಚಿಂತೆ’ ಎಂಬ ಫಲಕವನ್ನು ಬಸ್ ನಿಲ್ದಾಣದ ಎದುರು ಕಟ್ಟಿಸುವ ವಿದ್ಯೆ ಪಾಪ ಅವನಿಗೆ ತಿಳಿದಿರಲಿಲ್ಲ.

ಆ 25 ಎಂಬ ಸಂಖ್ಯೆ ಸುಳ್ಳಲ್ಲ. ತಾವು ಸುಳ್ಳು ಹೇಳುವ ಜನರೇ ಅಲ್ಲ. ಅದು ಪ್ಯಾನೆಲ್ಲಿನ ಸಂಖ್ಯೆ. ಗಾಜಿನ ಕೆಳಗೆ ಅಲುಗಾಡದೆ ಮಲಗಿ, ವರ್ಷಕ್ಕೆ ಶೇಕಡಾ ಒಂದಕ್ಕಿಂತಲೂ ಕಡಿಮೆ ಶಕ್ತಿಯನ್ನು ಕಳೆದುಕೊಳ್ಳುತ್ತ ಕಾಲು ಶತಮಾನವನ್ನು ಸವೆಸುವುದು ಪ್ಯಾನೆಲ್ಲಿನ ಸ್ವಭಾವ. ಇನ್ವರ್ಟರಿನ ಸಾಮಾನ್ಯ ಆಯುಷ್ಯವಾದರೋ 10ರಿಂದ 15 ವರ್ಷ. ಅದಕ್ಕೆ ತಾವು ಹೊಣೆ ಹೊರುವುದು ಐದೋ ಹತ್ತೋ ವರ್ಷ. ಎಂದಮೇಲೆ ಒಂದು ಜೊತೆ ಪ್ಯಾನೆಲ್ಲಿನ ಜೀವಮಾನದಲ್ಲಿ ಇನ್ವರ್ಟರನ್ನು ಒಮ್ಮೆಯಾದರೂ ಹೊಸದಾಗಿ ಕೊಳ್ಳಲೇಬೇಕು. ದೊಡ್ಡ ಸಂಖ್ಯೆಯನ್ನು ಫಲಕದಲ್ಲಿಯೂ ಚಿಕ್ಕ ಸಂಖ್ಯೆಯನ್ನು ಕರಾರಿನ ಹಿಂಬದಿಯಲ್ಲಿಯೂ ಅಚ್ಚುಹಾಕಿಸಿದ ತಮ್ಮ ಔಚಿತ್ಯಪ್ರಜ್ಞೆಗೆ ನಮೋ ನಮಃ.

ಪೆಟ್ಟಿಗೆ ಏಕೆ ಬೇಗ ಸಾಯುತ್ತದೆಂಬುದು ರಹಸ್ಯವೇನಲ್ಲ. ಪ್ಯಾನೆಲ್ಲಿನಿಂದ ಇಳಿದುಬರುವ ಏಕಮುಖ ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸಿ, ಮನೆಗೆ ಒಗ್ಗುವ ಪರ್ಯಾಯ ಪ್ರವಾಹವನ್ನಾಗಿ ಮಾಡುವುದು ಅದರ ಕಾಯಕ. ಹಾಗೆ ಕಡಿಯುವಾಗ ಏಳುವ ಏರಿಳಿತಗಳನ್ನು ನುಂಗಿಕೊಳ್ಳುವುದಕ್ಕೆ ಕೆಪಾಸಿಟರುಗಳೆಂಬ ಪುಟ್ಟ ಡಬ್ಬಿಗಳು ಒಳಗಿರುತ್ತವೆ. ಅನೇಕ ಇನ್ವರ್ಟರುಗಳಲ್ಲಿ ಈ ಡಬ್ಬಿಗಳ ಒಳಗಿರುವುದು ಒಂದು ದ್ರವ. ಅದು ಕಾಲಕ್ರಮದಲ್ಲಿ ಆರುತ್ತದೆ. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಅವುಗಳ ಆಯುಷ್ಯ ಅರ್ಧವಾಗುತ್ತದೆಂಬುದು ಎಂಜಿನಿಯರುಗಳು ಬಹುಕಾಲದಿಂದ ಅನುಸರಿಸುತ್ತ ಬಂದ ಲೆಕ್ಕ. ಆದುದರಿಂದಲೇ ತಮ್ಮ ಕೈಪಿಡಿಯು ‘ನೆರಳಿನಲ್ಲಿಯೂ ಗಾಳಿಯಾಡುವಲ್ಲಿಯೂ ಇರಿಸತಕ್ಕದ್ದು’ ಎಂದು ವಿಧಿಸುತ್ತದೆ. ಆದುದರಿಂದಲೇ, ವೈರಿನಲ್ಲಿ ನಾಲ್ಕು ಮೀಟರು ಉಳಿತಾಯವಾಗಲೆಂದು, ತಾವು ಕಳುಹಿಸಿದ ಹುಡುಗರು ಅದನ್ನು ಪಶ್ಚಿಮಕ್ಕೆ ಮುಖಮಾಡಿ ಬಿಸಿಲಿನ ಗೋಡೆಗೆ ಮೊಳೆ ಹೊಡೆದು ಕೂರಿಸುತ್ತಾರೆ. ಎರೆಮಣ್ಣಿನ ಧೂಳು ಅದರ ಬೆನ್ನಿನ ಲೋಹದ ರೆಕ್ಕೆಗಳ ಸಂದುಗಳನ್ನು ತುಂಬುತ್ತದೆ. ಒಳಗಿನ ಬೇಗೆ ಹೊರಹೋಗಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ.

ಕೆಟ್ಟಾಗ ಬರುವಾತ ಸಜ್ಜನ. ಮುಚ್ಚಳ ತೆಗೆದು, ಮೂಸಿ ನೋಡಿ, “ಬೋರ್ಡ್ ಹೋಗ್ಯಾದ್ರೀ ಸಾವ್ಕಾರ್ರ, ಕಂಪನಿಗೆ ಕಳಸಬೇಕು” ಎನ್ನುತ್ತಾನೆ. ಕಳುಹಿಸಿದ ಮೇಲೆ ಕಂಪನಿಯು ಕರಾರನ್ನು ಪಠಿಸುತ್ತದೆ: ಸಿಡಿಲಿಗೆ ವಾರಂಟಿ ಇಲ್ಲ, ವೋಲ್ಟೇಜಿನ ಏರುಪೇರಿಗೆ ಇಲ್ಲ, ಹಲ್ಲಿ ಇರುವೆಗಳ ಪ್ರವೇಶಕ್ಕೆ ಇಲ್ಲ, ತಪ್ಪಾಗಿ ಅಳವಡಿಸಿದ್ದರೆ ಇಲ್ಲ. ಸಿಡಿಲು, ವೋಲ್ಟೇಜು, ಹಲ್ಲಿ, ಇರುವೆ ಇವಾವುವೂ ಇಲ್ಲದ ಒಂದು ಗ್ರಾಮವನ್ನು ಇಂಡಿ ತಾಲ್ಲೂಕಿನಲ್ಲಿಯೋ, ಬೇಡ, ಪಕ್ಕದ ಸಿಂದಗಿಯಲ್ಲಿಯೋ ಮುದ್ದೇಬಿಹಾಳದಲ್ಲಿಯೋ ತಾವು ಗುರುತಿಸಿಕೊಟ್ಟರೆ, ನಾವು ಇನ್ವರ್ಟರಿನ ಆರೋಗ್ಯಾರ್ಥವಾಗಿ ಅಲ್ಲಿಗೆ ವಲಸೆ ಹೋಗಲು ಸಿದ್ಧರಿದ್ದೇವೆ.

ಒಂದು ಆಕ್ಷೇಪಣೆಯಿಂದ ಮಾತ್ರ ತಮ್ಮ ಯಂತ್ರವನ್ನು ನಾನು ವಿಮುಕ್ತಗೊಳಿಸಬೇಕು. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ಕೂಡಗಿಯ 2400 ಮೆಗಾವ್ಯಾಟಿನ ಉಷ್ಣಸ್ಥಾವರವೂ ಆಲಮಟ್ಟಿಯ 290 ಮೆಗಾವ್ಯಾಟಿನ ಜಲಸ್ಥಾವರವೂ ಇರುವ ಈ ಜಿಲ್ಲೆಯಲ್ಲಿ ಲೈನು ಹೋಗುವುದುಂಟು. ಆಗ ನಡುಹಗಲಿನ ಬಿಸಿಲಿದ್ದರೂ ಬ್ಯಾಟರಿಯಿಲ್ಲದ ಇನ್ವರ್ಟರು ಕಣ್ಣುಮುಚ್ಚುತ್ತದೆ, ಜನ ಅದನ್ನು ಶಪಿಸುತ್ತಾರೆ. ಅದು ದೋಷವಲ್ಲ. ಕಂಬವೇರಿದ ಲೈನ್‌ಮನ್ನನ ಕೈಗೆ ನಮ್ಮ ಮಾಳಿಗೆಯ ವಿದ್ಯುತ್ತು ತಾಗದಿರಲೆಂದು ವಿಧಿಸಿದ ನಿಯಮ ಅದು, ಅತ್ಯಂತ ನ್ಯಾಯವಾದ ನಿಯಮ. ಮಾರುವಾಗಲೇ ಈ ಒಂದು ವಾಕ್ಯವನ್ನು ಹೇಳಿದ್ದರೆ ತಮಗೆ ಆ ಶಾಪ ತಟ್ಟುತ್ತಿರಲಿಲ್ಲ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಮಾಳಿಗೆಯ ಸೌರ ವಿದ್ಯುತ್ತಿಗೆಂದು ಪಿ.ಎಂ. ಸೂರ್ಯಘರ್ ಯೋಜನೆಯನ್ನು ಸಾರಿ, ಒಂದು ಕೋಟಿ ಮನೆಗಳ ಗುರಿಯನ್ನಿಟ್ಟು, 3 ಕಿಲೋವ್ಯಾಟಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ಅಳವಡಿಸಿದವರೇ 5 ವರ್ಷ ನಿರ್ವಹಣೆ ಮಾಡಬೇಕೆಂದೂ ವಿಧಿಸಿತು. ಆರನೆಯ ವರ್ಷದಿಂದ ಗೃಹಸ್ಥನು ಸ್ವತಂತ್ರ. ಎರಡನೆಯ ಇನ್ವರ್ಟರಿಗೆ ಸಹಾಯಧನವಿಲ್ಲ, ಸಾಲದ ಕಂತಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ, ‘ಇಷ್ಟು ವರ್ಷದಲ್ಲಿ ಹಾಕಿದ ಹಣ ಮರಳುತ್ತದೆ’ ಎಂದು ತಾವು ಬರೆದುಕೊಟ್ಟ ಲೆಕ್ಕದ ಚೀಟಿಯಲ್ಲಿಯೂ ಅದರ ಸುಳಿವಿಲ್ಲ. ದೀರ್ಘಾಯುಷ್ಯ ಅಸಾಧ್ಯವೆಂದೂ ಹೇಳುವಂತಿಲ್ಲ: ಅಮೆರಿಕದಲ್ಲಿ ಎನ್‌ಫೇಸ್ ಎಂಬ ಸಂಸ್ಥೆಯು ಪ್ಯಾನೆಲ್ಲಿಗೊಂದರಂತೆ ಕೂರಿಸುವ ಮೈಕ್ರೋ ಇನ್ವರ್ಟರುಗಳಿಗೆ 25 ವರ್ಷದ ವಾರಂಟಿ ಕೊಡುತ್ತದೆ, ಬೆಲೆಯೂ ತದನುಗುಣವಾಗಿಯೇ ಇದೆ.

ಅಷ್ಟನ್ನು ನಾವು ಬೇಡುವುದಿಲ್ಲ. ಫಲಕದಲ್ಲಿ ಪ್ಯಾನೆಲ್ಲಿನ ವರ್ಷಗಳನ್ನು ಯಾವ ಅಳತೆಯ ಅಕ್ಷರದಲ್ಲಿ ಬರೆಯಿಸುತ್ತೀರೋ, ಇನ್ವರ್ಟರಿನ ವರ್ಷಗಳನ್ನೂ ಅದೇ ಅಳತೆಯಲ್ಲಿ ಬರೆಯಿಸಿ. ಲೆಕ್ಕದ ಚೀಟಿಯಲ್ಲಿ ಎರಡನೆಯ ಇನ್ವರ್ಟರಿನ ಬೆಲೆಯನ್ನು ಮೊದಲ ದಿನವೇ ಕಾಣಿಸಿ. ಪೆಟ್ಟಿಗೆಯನ್ನು ನೆರಳಿನಲ್ಲಿ ಕೂರಿಸಿ, ವೈರಿನ ಆ ನಾಲ್ಕು ಮೀಟರಿನ ದುಡ್ಡನ್ನು ನಾವೇ ಕೊಡುತ್ತೇವೆ. ಬೋರ್ಡು ಕೆಟ್ಟರೆ ಬದಲಿಸಿಕೊಡುವಂತಹ ಒಂದು ದುರಸ್ತಿಯ ಅಂಗಡಿಯನ್ನು ವಿಜಯಪುರದಲ್ಲಾದರೂ ತೆರೆಯಿರಿ.

ಇತಿ ತಮ್ಮ ವಿಧೇಯ,
ಸಾಲೋಟಗಿಯ ಒಬ್ಬ ಗ್ರಾಹಕ