ಏಪ್ರಿಲ್ ಒಂದರ ಮುಹೂರ್ತ

ನಮ್ಮ ಬ್ಯಾಂಕುಗಳಿಗೆ ಏಪ್ರಿಲ್ 1 ಬಹಳ ಪ್ರಶಸ್ತವಾದ ದಿನ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಹೊಟ್ಟೆ ಸೇರಿದ್ದು 2017ರ ಏಪ್ರಿಲ್ 1ರಂದು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಬರೋಡಾ ಪಾಲಾದದ್ದು 2019ರ ಏಪ್ರಿಲ್ 1ರಂದು. ಉಡುಪಿಯ ಕೂಸುಗಳಾದ ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ ಸಂದದ್ದು 2020ರ ಅದೇ ಏಪ್ರಿಲ್ 1ರಂದು, ಲಾಕ್‌ಡೌನಿನಲ್ಲಿ ದೇಶವೇ ಬಾಗಿಲು ಹಾಕಿಕೊಂಡಿದ್ದಾಗ. ಹೊಸ ಹಣಕಾಸು ವರ್ಷದ ಮೊದಲ ದಿನ ಎಂಬುದು ಲೆಕ್ಕದವರ ಸಮಜಾಯಿಷಿ. ಕೌಂಟರಿನ ಈಚೆ ನಿಂತು ಹೊಸ ಐಎಫ್‌ಎಸ್‌ಸಿ ಕೋಡ್ ಬರೆದುಕೊಂಡ ನಮಗೆ ಆ ತಾರೀಖಿನ ಇನ್ನೊಂದು ಮಹಿಮೆಯೂ ಗೊತ್ತು.

ಬೋರ್ಡು ಬದಲಾದರೆ ಸಾಲದು, ಸಿಬ್ಬಂದಿಯ ಮನಸ್ಸೂ ಬದಲಾಗಬೇಕಂತೆ. ಅದಕ್ಕೆಂದೇ ಚೇಂಜ್ ಮ್ಯಾನೇಜ್‌ಮೆಂಟ್ ಎಂಬ ಶಾಸ್ತ್ರವಿದೆ. ಬ್ಯಾಂಕೇ ಆಗಬೇಕೆಂದಿಲ್ಲ, ಯಾವ ಕಂಪನಿಯ ತರಬೇತಿ ಕೋಣೆಯಲ್ಲಾದರೂ ಕೂತು ನೋಡಿ. ಸಮೋಸಾ ಬರುವ ಮುಂಚೆ ಪರದೆಯ ಮೇಲೊಂದು ಡೊಂಕು ಗೆರೆ ಬರುತ್ತದೆ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಕಡೆಗೆ ಒಪ್ಪಿಗೆ. ಇದರ ಬೇರು ಇರುವುದು ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ತಂದ ಪುಸ್ತಕದಲ್ಲಿ. ಆ ವೈದ್ಯೆ ಪಕ್ಕದಲ್ಲಿ ಕೂತು ಮಾತಾಡಿಸಿದ್ದು ಸಾವು ಖಚಿತವಾಗಿದ್ದ ರೋಗಿಗಳನ್ನು. ಕನ್ಸಲ್ಟೆಂಟರು ಆಸ್ಪತ್ರೆ ಎಂದಿದ್ದಲ್ಲಿ ಆಫೀಸು ಎಂದು ತಿದ್ದಿಕೊಂಡರು, ಅಷ್ಟೇ. ನೌಕರನ ಗತಿ ಏನೆಂದು ಇಷ್ಟು ಪ್ರಾಮಾಣಿಕವಾಗಿ ಹೇಳುವ ಸ್ಲೈಡು ಇನ್ನೊಂದಿಲ್ಲ.

ಈ ಗೆರೆಯಿಂದ ಆಡಳಿತಕ್ಕೆ ಭಾರಿ ಅನುಕೂಲ. "ಸಾರ್, ನಮ್ಮ ಸೀನಿಯಾರಿಟಿ ಏನಾಗುತ್ತೆ?" ಎಂದು ಯಾರೋ ಎದ್ದು ನಿಂತರೆ ಪಾಪ, ಅವರು ಸಿಟ್ಟಿನ ಹಂತದಲ್ಲಿದ್ದಾರೆ. "ಒಂದೇ ರಸ್ತೆಯಲ್ಲಿ ಎರಡು ಬ್ರಾಂಚ್ ಆಯ್ತಲ್ಲ, ಯಾವುದನ್ನು ಮುಚ್ತೀರಿ?" ಎಂದರೆ ಚೌಕಾಸಿಯ ಹಂತ. ಬಾಯಿ ಮುಚ್ಚಿ ಕೂತರೆ ಖಿನ್ನತೆ. ಉತ್ತರ ಮಾತ್ರ ಯಾವ ಹಂತದಲ್ಲೂ ಸಿಗುವುದಿಲ್ಲ. ಪ್ರಶ್ನೆಯನ್ನೇ ಕಾಯಿಲೆ ಮಾಡಿಬಿಟ್ಟರೆ ಉತ್ತರ ಯಾಕೆ ಬೇಕು?

ಈ ಶಾಸ್ತ್ರದ ಮೂಲಪುರುಷರ ಪಟದಲ್ಲಿ ಕರ್ಟ್ ಲೆವಿನ್‌ಗೆ ಮೊದಲ ಹಾರ. ಎರಡನೇ ಮಹಾಯುದ್ಧದ ಕಾಲದ ಅಮೆರಿಕದಲ್ಲಿ ಮಾಂಸಕ್ಕೆ ತತ್ವಾರ. ಹೃದಯ, ಮೂತ್ರಪಿಂಡಗಳನ್ನೂ ಅಡುಗೆಗೆ ಬಳಸುವಂತೆ ಗೃಹಿಣಿಯರನ್ನು ಒಪ್ಪಿಸಬೇಕಿತ್ತು. ಲೆವಿನ್ ಕೆಲವರಿಗೆ ಉಪನ್ಯಾಸ ಕೊಡಿಸಿದ. ಉಳಿದವರನ್ನು ಒಟ್ಟಿಗೆ ಕೂರಿಸಿ, ಚರ್ಚೆ ಮಾಡಿ ನೀವೇ ತೀರ್ಮಾನಿಸಿ ಎಂದ. ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 3 ಜನ ಬೇಯಿಸಿದರು, ತಾವೇ ತೀರ್ಮಾನಿಸಿದವರಲ್ಲಿ 32. ಕನ್ಸಲ್ಟೆಂಟರು ಲೆವಿನ್‌ನಿಂದ ಕರಗಿಸು, ಬದಲಿಸು, ಮತ್ತೆ ಹೆಪ್ಪುಗಟ್ಟಿಸು ಎಂಬ ಮೂರು ಮಾತು ಎತ್ತಿಕೊಂಡು, ಈ 32ನ್ನು ಅಲ್ಲೇ ಬಿಟ್ಟು ಬಂದರು. ಅವರಿಗೆ ಬಿಲ್ ಮಾಡಲು ಬರುವುದು ಉಪನ್ಯಾಸವೊಂದೇ.

ಮುಂದಿನ ಸಲ ಆ ಡೊಂಕು ಗೆರೆ ನಿಮ್ಮ ಆಫೀಸಿನ ಪರದೆಗೆ ಬಂದಾಗ, ತೀರ್ಮಾನ ತೆಗೆದುಕೊಂಡವರು ಈಗ ಯಾವ ಹಂತದಲ್ಲಿದ್ದಾರೆ ಎಂದು ಕೇಳಿ ನೋಡಿ. ನಿಮ್ಮ ಹೆಸರು ಸಿಟ್ಟಿನ ಕಾಲಮಿಗೆ ಹೋಗುತ್ತದೆ. ಹೋಗಲಿ ಬಿಡಿ, ಕೇಳಿ.